ಮರದಚ್ಚಿನ ಚಿತ್ರಗಳಲ್ಲಿ ಎಡೊ ನಗರದ ಸ್ತ್ರೀಯರು

ಇಂದು ಟೋಕಿಯೊ ಎನಿಸಿಕೊಂಡಿರುವ ಎಡೊ ನಗರದಲ್ಲಿ 17ನೆಯ ಶತಮಾನದಿಂದ ಬೆಳೆದುಬಂದ ಮರದಚ್ಚಿನ ಚಿತ್ರಗಳಿಗೆ 'ಉಕಿಯೊ-ಎ' ಎಂದು ಹೆಸರು. 'ಉಕಿಯೊ' ಎಂಬ ಶಬ್ದವು ಮೊದಲು ಬೌದ್ಧರು ಹೇಳುವ ದುಃಖಮಯ ಸಂಸಾರವನ್ನು ಸೂಚಿಸುತ್ತಿದ್ದು, ಅನಂತರ ಅದೇ ಉಚ್ಚಾರಣೆಯಲ್ಲಿ 'ತೇಲುವ ಲೋಕ'ವೆಂಬ ಭೋಗದ ಅರ್ಥವನ್ನು ತಾಳಿತು. ಈ ಚಿತ್ರಗಳಲ್ಲಿನ ಸ್ತ್ರೀಯರನ್ನು ಅರಿಯಲು ಎರಡು ಅರ್ಥಗಳೂ ಅವಶ್ಯಕ.

ಮರದಚ್ಚಿನ ಚಿತ್ರವು ಒಬ್ಬನ ಕೃತಿಯಲ್ಲ. ಪ್ರಕಾಶಕನು ಬಂಡವಾಳ ಹೂಡುವನು. ಚಿತ್ರಕಾರನು ರೇಖೆ ಬರೆಯುವನು. ಕೆತ್ತನೆಗಾರನು ಅದನ್ನು ಚೆರಿ ಮರದ ಹಲಗೆಯಲ್ಲಿ ಮೂಡಿಸುವನು. ಮುದ್ರಕನು ಬಣ್ಣಬಣ್ಣಕ್ಕೆ ಬೇರೆ ಹಲಗೆಯಿಂದ ಅಚ್ಚೊತ್ತುವನು. 1765ರಲ್ಲಿ ಸುಜುಕಿ ಹರುನೊಬುವಿನ ಕಾಲಕ್ಕೆ ಬಹುವರ್ಣ ಮುದ್ರಣವು ಸಿದ್ಧಿಸಿ, ಇಂತಹ ಚಿತ್ರಗಳು ಸಾಮಾನ್ಯ ಪೌರರ ಮನೆ ಸೇರಿದವು.

ಸುಮಾರು 1793ರಲ್ಲಿ ಕಿತಗವ ಉತಮರೊ ಅಂದಿನ ಮೂವರು ಸುಂದರಿಯರನ್ನು ಒಂದೇ ಹಾಳೆಯಲ್ಲಿ ಚಿತ್ರಿಸಿದನು. ಒಬ್ಬಳು ಗಾಯಕಿ ತೊಯೊಹಿನ. ಇನ್ನೊಬ್ಬಳು ನನಿವಯ ಚಹಾದಂಗಡಿಯ ಓಕಿತ. ಮತ್ತೊಬ್ಬಳು ಅಕ್ಕಿಹಪ್ಪಳದ ಅಂಗಡಿಯವನ ಮಗಳು ಓಹಿಸ. ಮೊದಲ ಅಚ್ಚಿನಲ್ಲಿ ಮೂವರ ಹೆಸರುಗಳೂ ಇದ್ದವು. ಮುಂದಿನ ಅಚ್ಚಿನಲ್ಲಿ ಅವು ಮಾಯವಾದವು. ಗಣಿಕೆಯರಲ್ಲದ ಸ್ತ್ರೀಯರ ಹೆಸರನ್ನು ಚಿತ್ರಗಳಲ್ಲಿ ಮುದ್ರಿಸಕೂಡದೆಂದು 1793ರಲ್ಲಿ ಸರ್ಕಾರವು ಆಜ್ಞೆ ಹೊರಡಿಸಿತ್ತು. ಉತಮರೊ ಒಗಟಿನ ಮೊರೆಹೊಕ್ಕನು. ಓಕಿತಳ ಚಿತ್ರದ ಮೂಲೆಯಲ್ಲಿ ಎರಡು ಕಟ್ಟು ಸೊಪ್ಪು, ಒಂದು ಬಾಣ, ಕಡಲು, ಗದ್ದೆ ಇವನ್ನು ಬರೆದನು. ಜಪಾನೀ ಭಾಷೆಯಲ್ಲಿ ಇವನ್ನು ಸಾಲಾಗಿ ಉಚ್ಚರಿಸಿದರೆ 'ನ-ನಿವ-ಯ-ಓಕಿ-ತ' ಎಂದಾಗುತ್ತದೆ. 1796ರಲ್ಲಿ ಈ ಒಗಟುಗಳೂ ನಿಷಿದ್ಧವಾದವು.

ಗಣಿಕೆಯರ ಹೆಸರಿಗೆ ಮಾತ್ರ ಅಡ್ಡಿಯಿರಲಿಲ್ಲ. ಆದರೆ ಆ ಹೆಸರು ಅವಳದಾಗಿತ್ತೆ? ಯೊಶಿವರ ಎಂಬುದು ಸರ್ಕಾರದ ಪರವಾನಗಿ ಪಡೆದ, ಕಂದಕದಿಂದ ಸುತ್ತುವರಿದ ಗಣಿಕೆಯರ ಕೇರಿ. ಬಡ ಹೆತ್ತವರು ಪಡೆದ ಮುಂಗಡ ಹಣಕ್ಕೆ ಬದಲಾಗಿ ಬಾಲೆಯರು ಅಲ್ಲಿ ವರ್ಷಗಟ್ಟಲೆ ದುಡಿಯಬೇಕಾಗಿತ್ತು. ಓಗಿಯ ಮನೆಯ 'ಹನಾಓಗಿ' ಎಂಬ ಪ್ರಸಿದ್ಧ ನಾಮವು ಒಬ್ಬಳ ನಂತರ ಮತ್ತೊಬ್ಬಳಿಗೆ ಸಲ್ಲುತ್ತಿದ್ದ ಆ ಮನೆಯ ಸ್ವತ್ತು. ಸ್ವಂತ ಹೆಸರುಳ್ಳವಳಿಗೆ ಅದನ್ನು ಅಚ್ಚು ಮಾಡಿಸುವ ಅನುಮತಿಯಿಲ್ಲ. ಅನುಮತಿಯುಳ್ಳವಳಿಗೆ ಸ್ವಂತ ಹೆಸರಿಲ್ಲ.

ಉತಮರೊ ಯೊಶಿವರದ ಹನ್ನೆರಡು ಜಾವಗಳನ್ನು ಚಿತ್ರಿಸಿದ ಮಾಲಿಕೆಯ ಒಂದು ಹಾಳೆಯಲ್ಲಿ, ನಡುರಾತ್ರಿ ಕಳೆದ ಮೇಲೆ ಅರೆನಿದ್ದೆಯ ಗಣಿಕೆಯೊಬ್ಬಳು ಕೈಯಲ್ಲಿ ಕಿರುಬೆಳಕು ಹಿಡಿದು ಕಾಲಿನಿಂದ ಪಾದರಕ್ಷೆಯನ್ನು ತಡಕುತ್ತಾಳೆ. ಅಲ್ಲಿ ಶೃಂಗಾರವಿಲ್ಲ, ಆಯಾಸವಿದೆ. ತೇಲುವ ಲೋಕದ ಕೆಳಗೆ 'ಉಕಿಯೊ' ಶಬ್ದದ ಹಳೆಯ ಅರ್ಥವು ಹಾಗೆಯೇ ಉಳಿದಿತ್ತೆಂಬುದಕ್ಕೆ ಆ ಚಿತ್ರವೇ ಸಾಕ್ಷಿ.