ಎಂಸಿಬಿ ಟ್ರಿಪ್ ಆಗ್ತಿದೆಯಾ? ದೊಡ್ಡದನ್ನು ಹಾಕಬೇಡಿ!

“ಎಂಸಿಬಿ ಪದೇ ಪದೇ ಟ್ರಿಪ್ ಆಗ್ತಿದೆಯಾ? 16 ಆಂಪ್ ತೆಗೆದು 32 ಆಂಪ್ ಹಾಕಿ, ಮುಗೀತು!” ಹೀಗೆ ಹೇಳೋ ವಿಡಿಯೊ ನೋಡಿದ್ರೆ, ದಯವಿಟ್ಟು ನಂಬಬೇಡಿ. ಮನೆಗೇ ಬೆಂಕಿ ಬೀಳಬಹುದು.

ಯಾಕೆ ಗೊತ್ತಾ? ಎಂಸಿಬಿ ಅಂದ್ರೆ ಕರೆಂಟ್ ಮಿತಿ ಮೀರಿದ್ರೆ ತಾನೇ ಆಫ್ (ಟ್ರಿಪ್) ಆಗೋ ಸ್ವಿಚ್. ಅದು ಕಾಯೋದು ಗೋಡೆಯೊಳಗಿನ ವೈರನ್ನ.

3,000 ವ್ಯಾಟ್ ಗೀಸರ್, 2,000 ವ್ಯಾಟ್ ಇಂಡಕ್ಷನ್ ಒಲೆ, 1,000 ವ್ಯಾಟ್ ಇಸ್ತ್ರಿಪೆಟ್ಟಿಗೆ. ಮೂರೂ ಒಂದೇ ಲೈನಿನಲ್ಲಿ ಒಟ್ಟಿಗೆ ಓಡಿದ್ರೆ, 230 ವೋಲ್ಟ್‌ನಲ್ಲಿ ಸುಮಾರು 26 ಆಂಪ್ ಹರಿಯುತ್ತೆ. 16 ಆಂಪ್ ಎಂಸಿಬಿ ಇದನ್ನ ಹೆಚ್ಚು ಹೊತ್ತು ಸಹಿಸಲ್ಲ, ಲೈನ್ ಕಡಿದುಬಿಡುತ್ತೆ. 32 ಆಂಪ್‌ನದು? ಸುಮ್ಮನಿರುತ್ತೆ.

ಆದ್ರೆ ಒಳಗಿನ ವೈರ್ ಹಳೇದೇ ತಾನೇ? ಕರೆಂಟ್ ಎರಡು ಪಟ್ಟಾದ್ರೆ ವೈರಿನಲ್ಲಿ ಹುಟ್ಟೋ ಶಾಖ ನಾಲ್ಕು ಪಟ್ಟು! ಪ್ಲಾಸ್ಟಿಕ್ ಹೊದಿಕೆ ಮೆತ್ತಗಾಗಿ, ಕರಗಿ, ಬೆಂಕಿ ಹತ್ತಿಕೊಳ್ಳಬಹುದು. ಹಳೇ ಮನೆಗಳಲ್ಲಿ ಫ್ಯೂಸ್‌ಗೆ ದಪ್ಪ ತಂತಿ ಸುತ್ತೋದೂ ಇದೇ ತಪ್ಪು.

ಹಾಗಾದ್ರೆ ಏನು ಮಾಡಬೇಕು? ಆ ಲೈನಿನ ಎಲ್ಲ ಪ್ಲಗ್ ತೆಗೀರಿ. ಎಂಸಿಬಿ ಆನ್ ಮಾಡಿ, ಒಂದೊಂದಾಗಿ ಹಾಕಿ ನೋಡಿ. ಒಂದೇ ಉಪಕರಣಕ್ಕೆ ಟ್ರಿಪ್ ಆದ್ರೆ, ಅದರಲ್ಲೇ ದೋಷ ಇರಬಹುದು. ಎಲ್ಲ ಸೇರಿದಾಗ ಆದ್ರೆ, ಲೋಡ್ ಜಾಸ್ತಿ. ಗೀಸರ್‌ಗೆ ಬೇರೆ ಲೈನ್ ಎಳೆಸಿ. ಏನೂ ಹಾಕದೇ ಟ್ರಿಪ್ ಆದ್ರೆ, ವೈರಿಂಗ್‌ನಲ್ಲೇ ತೊಂದರೆ ಇರಬಹುದು. ಮತ್ತೆ ಆನ್ ಮಾಡಬೇಡಿ, ಲೈಸೆನ್ಸ್ ಇರೋ ಎಲೆಕ್ಟ್ರಿಷಿಯನ್‌ನ ಕರೆಸಿ. ಸುಟ್ಟ ವಾಸನೆ ಬಂದ್ರೆ ತಕ್ಷಣ ಮೇನ್ ಆಫ್ ಮಾಡಿ.

ಎಂಸಿಬಿ ಬಿದ್ದಾಗಲೆಲ್ಲ ಅದು ನಿಮ್ಮನ್ನ ಎಚ್ಚರಿಸ್ತಿದೆ. ಅದರ ಬಾಯಿ ಮುಚ್ಚಿಸಬೇಡಿ. ಊರಲ್ಲಿರೋ ಅಪ್ಪ ಅಮ್ಮನಿಗೂ ಈ ವಿಡಿಯೊ ಕಳಿಸಿ.