ಕುಂಚ ತೊಳೆದ ಬಣ್ಣ ಎಲ್ಲಿಗೆ ಹೋಗುತ್ತದೆ?

ಚಿತ್ರ ಬರೆದು ಮುಗಿಸಿದೊಡನೆ ನೀವು ಏನು ಮಾಡುತ್ತೀರಿ? ಕುಂಚವನ್ನು ನಲ್ಲಿಯ ಕೆಳಗೆ ಹಿಡಿದು, ನೀರು ತಿಳಿಯಾಗುವವರೆಗೆ ತೊಳೆಯುತ್ತೀರಿ, ಅಲ್ಲವೇ? ಕುಂಚವೇನೋ ಶುದ್ಧವಾಯಿತು. ಆದರೆ ಬಣ್ಣ ಇಲ್ಲವಾಗಲಿಲ್ಲ. ಮೋರಿಯ ದಾರಿ ಹಿಡಿದು ಕೆರೆಗೋ ಹೊಳೆಗೋ ಹೊರಟಿತು, ಅಷ್ಟೆ. ಚಿತ್ರಕಲೆಯ ಕೆಲವು ಬಣ್ಣಗಳಲ್ಲಿ ಕ್ಯಾಡ್ಮಿಯಂ, ಕೋಬಾಲ್ಟ್‌ನಂಥ ಲೋಹಗಳ ಸಂಯುಕ್ತಗಳಿರುತ್ತವೆ. ಇವು ನೀರಿಗೆ ಸೇರುವುದು ಒಳ್ಳೆಯದಲ್ಲ.

ಹಾಗಾದರೆ ಉಪಾಯವೇನು? ಮೊದಲನೆಯದು ತೀರ ಸುಲಭ: ತೊಳೆಯುವ ಮೊದಲು ಒರೆಸಿ. ಹಳೆಯ ಬಟ್ಟೆ ಅಥವಾ ವೃತ್ತಪತ್ರಿಕೆಯ ತುಂಡಿನಿಂದ ಕುಂಚದ ಬುಡದಿಂದ ತುದಿಯ ಕಡೆಗೆ ಮೆಲ್ಲನೆ ಒತ್ತಿ ಎಳೆಯಿರಿ. ಹೆಚ್ಚಿನ ಬಣ್ಣ ಇಲ್ಲಿಯೇ ಬಿಟ್ಟುಹೋಗುತ್ತದೆ, ನೀರೂ ಉಳಿಯುತ್ತದೆ.

ಮುಂದಿನ ಕ್ರಮ ಬಣ್ಣದ ಜಾತಿಯನ್ನು ಅವಲಂಬಿಸಿದೆ. ಬಣ್ಣವೆಂದರೆ ಮುಖ್ಯವಾಗಿ ಎರಡು ವಸ್ತುಗಳ ಕೂಟ: ಬಣ್ಣದ ಪುಡಿ ಮತ್ತು ಅದನ್ನು ಹಿಡಿದಿಡುವ ಅಂಟು. ಜಲವರ್ಣದಲ್ಲಿರುವ ಅಂಟು ಜಾಲಿ ಜಾತಿಯ ಮರದ ಗೋಂದು. ಅದು ಒಣಗಿದ ಮೇಲೂ ನೀರಿನಲ್ಲಿ ಕರಗುತ್ತದೆ. ಅಕ್ರಿಲಿಕ್ ಬಣ್ಣದಲ್ಲಿರುವುದು ಪ್ಲಾಸ್ಟಿಕ್ಕಿನ ಅತಿ ಸೂಕ್ಷ್ಮ ಕಣಗಳು. ನೀರು ಆರಿದಾಗ ಅವು ಒಂದಕ್ಕೊಂದು ಬೆಸೆದುಕೊಂಡು ಪೊರೆಯಾಗುತ್ತವೆ. ಮತ್ತೆ ನೀರಿಗೆ ಕರಗುವುದಿಲ್ಲ. ಆದ್ದರಿಂದ ಅಕ್ರಿಲಿಕ್ ಕುಂಚವನ್ನು ಒಣಗಲು ಬಿಡಲೇಬಾರದು.

ಈ ಎರಡು ಬಗೆಯ ಕುಂಚಗಳನ್ನೂ ನಲ್ಲಿಯ ಕೆಳಗೆ ತೊಳೆಯುವ ಬದಲು ಎರಡು ಡಬ್ಬಿಗಳಲ್ಲಿ ನೀರಿಟ್ಟುಕೊಂಡು, ಒಂದರಲ್ಲಿ ಅಲುಬಿ, ಇನ್ನೊಂದರಲ್ಲಿ ತೊಳೆಯಿರಿ. ಕೊಳೆ ನೀರನ್ನು ರಾತ್ರಿಯೆಲ್ಲ ಅಲುಗಿಸದೆ ಇಡಿ. ಜಲವರ್ಣದ ಪುಡಿ ಬಹುಪಾಲು ತಳಕ್ಕಿಳಿಯುತ್ತದೆ. ಅಕ್ರಿಲಿಕ್ ಕಣಗಳು ಹಾಗೆ ಬೇಗ ಇಳಿಯುವುದಿಲ್ಲ. ಅವಕ್ಕೆ ಪಟಿಕದ ಪುಡಿಯನ್ನೂ ಬಳಿಕ ಸ್ವಲ್ಪ ಸುಣ್ಣವನ್ನೂ ಬೆರೆಸಿ ಕಲಕಬೇಕು. ರಾಡಿ ನೀರನ್ನು ಪಟಿಕ ತಿಳಿಗೊಳಿಸುವಂತೆಯೇ ಇಲ್ಲಿಯೂ ಕಣಗಳು ಗುಂಪುಗೂಡಿ ಕೆಳಗೆ ಕೂರುತ್ತವೆ. ತಿಳಿನೀರನ್ನು ಬಟ್ಟೆಯಲ್ಲಿ ಸೋಸಿ ಬಗ್ಗಿಸಿ, ಗಸಿಯನ್ನು ಕಾಗದದ ಮೇಲೆ ಒಣಗಿಸಿ ಅಪಾಯಕಾರಿ ಕಸವೆಂದು ಬೇರೆಯಾಗಿ ಕೊಡಿ. ಅದನ್ನು ಗಿಡದ ಬುಡಕ್ಕೆ ಹಾಕಬೇಡಿ.

ತೈಲವರ್ಣದ ವಿಷಯವೇ ಬೇರೆ. ಅದರಲ್ಲಿರುವ ಅಗಸೆ ಎಣ್ಣೆ ಗಾಳಿಯ ಆಮ್ಲಜನಕದೊಡನೆ ಕೂಡಿ ಗಟ್ಟಿಯಾಗುತ್ತದೆ. ಇದನ್ನು ಬಿಡಿಸಲು ಟರ್ಪೆಂಟೈನ್ ಅಥವಾ ಸೀಮೆಎಣ್ಣೆ ಬಳಸುವುದು ರೂಢಿ. ಇವುಗಳ ಆವಿ ತಲೆನೋವು ತರುತ್ತದೆ. ಬೆಂಕಿಯ ಭಯವೂ ಉಂಟು. ಬದಲಿಗೆ ಕುಂಚವನ್ನು ಕಡಲೆಕಾಯಿ ಎಣ್ಣೆಯಲ್ಲಿ ಅದ್ದಿ, ಒರೆಸಿ, ಮತ್ತೆ ಅದ್ದಿ ಒರೆಸಿ. ಎಣ್ಣೆ ಎಣ್ಣೆಯನ್ನು ಬಿಡಿಸುತ್ತದೆ. ಕೊನೆಗೆ ಸಾಬೂನಿನಿಂದಲೋ ಅಂಟುವಾಳಕಾಯಿಯ ನೊರೆಯಿಂದಲೋ ಚೆನ್ನಾಗಿ ತೊಳೆಯಿರಿ. ಅಡುಗೆ ಎಣ್ಣೆ ಉಳಿದರೆ ಮುಂದಿನ ಚಿತ್ರ ಬೇಗ ಒಣಗದು. ಟರ್ಪೆಂಟೈನ್ ಬಳಸಲೇಬೇಕಾದರೆ, ಅದನ್ನು ಮುಚ್ಚಿದ ಸೀಸೆಯಲ್ಲಿಟ್ಟು, ಗಸಿ ಇಳಿದ ಮೇಲೆ ತಿಳಿಯನ್ನು ಮತ್ತೆ ಬಳಸಬಹುದು. ಇನ್ನೊಂದು ಎಚ್ಚರ: ಅಗಸೆ ಎಣ್ಣೆ ತಾಗಿದ ಬಟ್ಟೆಯನ್ನು ಮುದ್ದೆ ಮಾಡಿ ಎಸೆಯಬೇಡಿ. ಗಟ್ಟಿಯಾಗುವಾಗ ಹುಟ್ಟುವ ಶಾಖದಿಂದ ಅದು ತಾನಾಗಿಯೇ ಹೊತ್ತಿಕೊಳ್ಳಬಲ್ಲುದು. ಹರಡಿ ಒಣಗಿಸಿ.

ತೊಳೆದ ಕುಂಚದ ತುದಿಯನ್ನು ಬೆರಳಿನಿಂದಲೇ ಚೂಪು ಮಾಡಿ, ಬಾಯಿಗೆ ಇಡಬೇಡಿ. ಅಮೆರಿಕದ ಗಡಿಯಾರ ಕಾರ್ಖಾನೆಗಳಲ್ಲಿ, 1920ರ ದಶಕದ ಹೊತ್ತಿಗೆ, ರೇಡಿಯಂ ಬಣ್ಣ ಬಳಿಯುತ್ತಿದ್ದ ಯುವತಿಯರು ಹೀಗೆ ತುಟಿಯಿಂದ ಕುಂಚ ತಿದ್ದಿ ಪ್ರಾಣ ಕಳೆದುಕೊಂಡರು. ಆಮೇಲೆ ಕುಂಚವನ್ನು ಅಡ್ಡಲಾಗಿ ಮಲಗಿಸಿ ಒಣಗಿಸಿ. ತುದಿ ಮೇಲಾಗಿ ನಿಲ್ಲಿಸಿದರೆ ನೀರು ತಗಡಿನ ಕೊಳವೆಗೆ ಇಳಿದು ಅಂಟು ಸಡಿಲುತ್ತದೆ, ಹಿಡಿಯ ಮರ ಉಬ್ಬುತ್ತದೆ.

ಒಂದು ಕುಂಚ ಹೆಚ್ಚು ವರ್ಷ ಬಾಳಿದರೆ ಹೊಸದನ್ನು ಕೊಳ್ಳಬೇಕಿಲ್ಲ. ಕೊಳ್ಳುವಾಗಲೂ ಮುಂಗುಸಿಯ ಕೂದಲಿನದನ್ನು ಕೇಳಬೇಡಿ. 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆಯ ರಕ್ಷಣೆ ಮುಂಗುಸಿಗೆ ಇದ್ದರೂ, ಕುಂಚಕ್ಕಾಗಿಯೇ ಅದನ್ನು ಕದ್ದು ಕೊಲ್ಲುವವರಿದ್ದಾರೆ. ನೈಲಾನ್ ಕೂದಲಿನ ಕುಂಚ ಶಾಲೆಯ ಕೆಲಸಕ್ಕೆ ಧಾರಾಳವಾಗಿ ಸಾಕು. ಬಣ್ಣ ನಿಮ್ಮ ಕಾಗದದ ಮೇಲಿರಲಿ; ಕೆರೆಯ ನೀರಿಗೆ ಅದರ ಸ್ವಂತ ಬಣ್ಣವೇ ಚೆಂದ.