ಮೂತ್ರಪಿಂಡಗಳು ಮುನಿದಾಗ

ಕೋವಿಡ್ ವ್ಯಾಧಿಯಿಂದ ಭಾರತದಲ್ಲಿ ಮೊದಲು ಅಸುನೀಗಿದವರು ನಮ್ಮ ಕಲಬುರಗಿಯ ವೃದ್ಧರೊಬ್ಬರು. ಅದು ೨೦೨೦ರ ಮಾರ್ಚ್ ತಿಂಗಳು. ಅಲ್ಲಿಂದ ಮುಂದೆ ಕಾಳಗಿ, ಸೇಡಂ, ಚಿತ್ತಾಪುರಗಳಲ್ಲೆಲ್ಲ ಶ್ವಾಸಕೋಶದ ಮಾತೇ ಮಾತು. ಆದರೆ ರೋಗ ಉಲ್ಬಣಿಸಿದವರಲ್ಲಿ ಅನೇಕರ ಮೂತ್ರಪಿಂಡಗಳೂ ಸೋತಿದ್ದವು. ಉಸಿರಿನ ಸೋಂಕಿಗೂ ಬೆನ್ನಿನ ಬದಿಯಲ್ಲಿ ಅಡಗಿರುವ ಈ ಅಂಗಗಳಿಗೂ ಏನು ನಂಟು?

ಅವರೆಬೀಜದ ಆಕಾರದ, ಮುಷ್ಟಿಗಾತ್ರದ ಈ ಒಂದೊಂದು ಅಂಗದಲ್ಲೂ ಸುಮಾರು ೧೦ ಲಕ್ಷ ಸೂಕ್ಷ್ಮ ಶೋಧಕಗಳಿವೆ. ಇವುಗಳಿಗೆ ನೆಫ್ರಾನ್‌ಗಳೆಂದು ಹೆಸರು. ಹೃದಯವು ಹೊರದೂಡುವ ರಕ್ತದಲ್ಲಿ ಐದನೆಯ ಒಂದು ಪಾಲು ಇಲ್ಲಿಗೇ ಹರಿದುಬರುತ್ತದೆ. ದಿನಕ್ಕೆ ಸುಮಾರು ೧೮೦ ಲೀಟರು ದ್ರವವನ್ನು ಸೋಸಿ, ಒಂದೂವರೆ ಲೀಟರಿನಷ್ಟನ್ನು ಮಾತ್ರ ಮೂತ್ರವಾಗಿ ಹೊರಹಾಕಿ, ಉಳಿದುದನ್ನು ಇವು ದೇಹಕ್ಕೆ ಮರಳಿಸುತ್ತವೆ. ಇಷ್ಟು ದುಡಿಯುವ ಅಂಗಕ್ಕೆ ರಕ್ತದ ಹರಿವೇ ಜೀವಾಳ.

ಕೆಲವು ವೈರಾಣುಗಳು ಮೂತ್ರಪಿಂಡವನ್ನೇ ನೇರವಾಗಿ ಹೊಗುವುದುಂಟು. ಆದರೆ ತೀವ್ರ ರೋಗಿಗಳಲ್ಲಿ ಹೆಚ್ಚಿನ ಹಾನಿ ಬರುವುದು ಸುತ್ತುದಾರಿಯಿಂದ. ಜ್ವರ, ವಾಂತಿ, ಭೇದಿಗಳಿಂದ ದೇಹದ ನೀರು ಬತ್ತುತ್ತದೆ. ಸೋಂಕಿನ ವಿರುದ್ಧ ದೇಹ ಹೂಡಿದ ಸಮರವೇ ಮಿತಿಮೀರಿ, ರಕ್ತನಾಳಗಳು ಸಡಿಲಗೊಂಡು, ರಕ್ತದ ಒತ್ತಡ ಕುಸಿಯುತ್ತದೆ. ಬೇಸಗೆಯಲ್ಲಿ ಕಾಗಿಣಾ ನದಿ ಸೊರಗಿದಾಗ ದಂಡೆಯ ಪೈರು ಬಾಡುವಂತೆ, ನೆಫ್ರಾನ್‌ಗಳ ಒಳಪದರವು ಬಾಡಿ ಉದುರುತ್ತದೆ. ಮೈನೋವೆಂದು ತಾವೇ ಕೊಂಡು ನುಂಗುವ ಡೈಕ್ಲೋಫೆನಾಕ್‌ನಂತಹ ಮಾತ್ರೆಗಳು ಈ ಹರಿವನ್ನು ಇನ್ನಷ್ಟು ಕುಗ್ಗಿಸುತ್ತವೆ. ಶಹಾಬಾದಿನ ಕಲ್ಲುಗಣಿಗಳ ಬಿಸಿಲಿನಲ್ಲಿ ಬೆವರು ಸುರಿಸುವವರು ಇದನ್ನು ಮುಖ್ಯವಾಗಿ ನೆನಪಿಡಬೇಕು.

ಹೀಗೆ ಸೋಲುವಾಗ ಈ ಅಂಗ ಸಾಮಾನ್ಯವಾಗಿ ನೋಯುವುದಿಲ್ಲ. ರಕ್ತದಲ್ಲಿ ಕ್ರಿಯಾಟಿನಿನ್ ಎಂಬ ಕಲ್ಮಷ ಏರಿದ್ದು ತಿಳಿಯುವಷ್ಟರಲ್ಲಿ ಹಾನಿ ಬಹುದೂರ ಸಾಗಿರುತ್ತದೆ. ಆದುದರಿಂದಲೇ ತೀವ್ರ ನಿಗಾ ಘಟಕದಲ್ಲಿ ದಾದಿಯರು ಗಂಟೆಗಂಟೆಗೂ ಮೂತ್ರವನ್ನು ಅಳೆದು ಬರೆದಿಡುತ್ತಾರೆ. ೬೦ ಕಿಲೋ ತೂಕದ ರೋಗಿಯಲ್ಲಿ ಅದು ಆರು ತಾಸುಗಳ ಕಾಲ ತಾಸಿಗೆ ೩೦ ಮಿಲಿಲೀಟರಿಗಿಂತ ಕೆಳಗಿಳಿದರೆ ವೈದ್ಯರು ಎಚ್ಚೆತ್ತುಕೊಳ್ಳುತ್ತಾರೆ. ನೋಡಲು ಕ್ಷುಲ್ಲಕವೆನಿಸುವ ಈ ಲೆಕ್ಕವೇ ಎಷ್ಟೋ ಸಲ ಮೊದಲ ಸುಳಿವು.

ಬಾಡಿದ ಒಳಪದರವು ಕೆಲವು ವಾರಗಳಲ್ಲಿ ಮರಳಿ ಚಿಗುರಬಲ್ಲದು. ಅಲ್ಲಿಯವರೆಗೆ ಯಂತ್ರವು ರಕ್ತವನ್ನು ಸೋಸಿಕೊಡಬೇಕು. ಇಂತಹ ಯಂತ್ರವನ್ನು ೧೯೪೩ರಲ್ಲಿ, ಯುದ್ಧದ ನಡುವೆ, ನೆದರ್ಲೆಂಡ್ಸಿನ ವೈದ್ಯ ವಿಲೆಮ್ ಕೋಲ್ಫ್ ರೂಪಿಸಿದರು. ಮೊದಲಿನ ರೋಗಿಗಳು ಬದುಕಲಿಲ್ಲ. ೧೯೪೫ರಲ್ಲಿ ವೃದ್ಧೆಯೊಬ್ಬರು ಚೇತರಿಸಿಕೊಂಡರು. ಇಂದು ರಕ್ತದ ಒತ್ತಡ ತೀರ ಕುಸಿದವರಿಗೆ ಈ ಡಯಾಲಿಸಿಸನ್ನು ಹಗಲಿರುಳೂ ನಿಧಾನವಾಗಿ ನಡೆಸುವ ಕ್ರಮವಿದೆ. ಎಲ್ಲರ ಮೂತ್ರಪಿಂಡಗಳೂ ಪೂರ್ತಿಯಾಗಿ ಚೇತರಿಸುವುದಿಲ್ಲ. ಹಾಗಾಗಿ ಗುಣಮುಖರಾಗಿ ಮನೆಗೆ ಮರಳಿದವರು ಮೂರು ತಿಂಗಳ ಹೊತ್ತಿಗೆ ರಕ್ತವನ್ನೂ ಮೂತ್ರವನ್ನೂ ಮತ್ತೊಮ್ಮೆ ಪರೀಕ್ಷೆ ಮಾಡಿಸಬೇಕಾಗುತ್ತದೆ.